ಗುಲಾಬಿ ಚೀಟಿಯ ವಿಚಾರವಾಗಿ ಪೋಷಕರಿಗೆ

ಪ್ರೀತಿಯ ಪೋಷಕರೇ, ನಮಸ್ಕಾರ.

ಮಗುವಿನ ಹಲ್ಲು ಹುಳುಕಾಗಿದೆ, ಆಸ್ಪತ್ರೆಗೆ ತೋರಿಸಿ ಅಂತ ಹೋದ ವಾರ ಮಕ್ಕಳ ಕೈಯಲ್ಲಿ ಕಳಿಸಿದ ಗುಲಾಬಿ ಚೀಟಿಯ ಬಗ್ಗೆ ಈ ಪತ್ರ. ಕೆಲವರು ಶಾಲೆಗೇ ಬಂದು ಮಾತಾಡಿದಿರಿ. ಕೆಲವರು ವಾಟ್ಸಾಪ್ ಗ್ರೂಪಿನಲ್ಲಿ ಬರೆದಿರಿ. ಇಬ್ಬರು ತಾಯಂದಿರು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಸ್ವಲ್ಪ ಜೋರಾಗಿಯೇ ಕೇಳಿದರು. ಕೇಳಿದ್ದು ತಪ್ಪಲ್ಲ. ಆದರೆ ಗೇಟಿನ ಹತ್ತಿರ ನಿಂತು ಹೇಳಿ ಮುಗಿಯುವ ಉತ್ತರ ಅಲ್ಲ ಅದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಡೆಯ ತಪ್ಪು. ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆಯ (ಆರ್‌ಬಿಎಸ್‌ಕೆ) ತಂಡದವರು ಬಂದು ಮಕ್ಕಳ ಹಲ್ಲು ನೋಡಿದ ದಿನ, ಚೀಟಿಗಳನ್ನು ಮಡಚದೆ ಹಾಗೇ ಕೈಗೆ ಕೊಟ್ಟುಬಿಟ್ಟೆವು. ಅದರಲ್ಲಿ ಬರೆದಿದ್ದನ್ನು ದೊಡ್ಡ ಕ್ಲಾಸಿನವರು ಓದಿದರು. ಒಂದನೇ ಕ್ಲಾಸಿನ ಒಂದು ಮಗುವನ್ನು ಎರಡು ದಿನ ‘ಹುಳುಕು ಹಲ್ಲು, ಹುಳುಕು ಹಲ್ಲು’ ಅಂತ ಆಡಿಕೊಂಡರು. ಮಗು ಅಳುತ್ತಾ ಮನೆಗೆ ಹೋಯಿತು. ಅವರ ತಂದೆಯವರ ಹತ್ತಿರ ನಾನು ಎದುರಿಗೇ ಕ್ಷಮೆ ಕೇಳಿದ್ದೇನೆ, ಇಲ್ಲೂ ಕೇಳುತ್ತೇನೆ. ಆಡಿಕೊಂಡ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿದ್ದಾಯಿತು. ಆಮೇಲೆ ನೋಡಿದರೆ ಅವರಲ್ಲಿ ಮೂವರ ಜೇಬಿನಲ್ಲೂ ಅದೇ ಬಣ್ಣದ ಚೀಟಿ ಇತ್ತು, ಆ ಮಾತು ಬೇರೆ. ಇನ್ನು ಮುಂದೆ ಇಂಥ ಯಾವ ಚೀಟಿಯಾದರೂ ಮಡಚಿ, ಪಿನ್ ಹೊಡೆದು, ನೋಟ್‌ಬುಕ್ಕಿನ ಒಳಗೇ ಬರುತ್ತದೆ.

ಕೊಟ್ಟ ರೀತಿ ತಪ್ಪು. ಚೀಟಿಯಲ್ಲಿ ಬರೆದದ್ದು ತಪ್ಪಲ್ಲ. ಇದನ್ನು ಮಾತ್ರ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ವಾಪಸ್ ಬಂದ ಚೀಟಿಗಳು ಕಡಿಮೆ. ಬಂದವುಗಳಲ್ಲಿ ಒಂದರ ಹಿಂದೆ ಪೆನ್ನಿನಲ್ಲಿ ಹೀಗೆ ಬರೆದಿತ್ತು: ‘ಇದು ಹಾಲುಹಲ್ಲು. ಹೇಗೂ ಬಿದ್ದುಹೋಗುತ್ತೆ. ದಯವಿಟ್ಟು ಬಿಡಿ ಮೇಡಂ.’ ದಯವಿಟ್ಟು ಅಂತ ಬರೆದಿದ್ದರಿಂದ ಕೋಪ ಮಾಡಿಕೊಳ್ಳುವುದಕ್ಕೂ ಆಗಲಿಲ್ಲ. ಬರೆದವರು ಒಬ್ಬರೇ ಆದರೂ ಮನಸ್ಸಿನಲ್ಲಿ ಹಾಗೆ ಅಂದುಕೊಂಡವರು ಬಹಳ ಜನ ಇದ್ದೀರಿ ಅಂತ ನನಗೆ ಗೊತ್ತು. ನಮ್ಮ ಅಮ್ಮನೂ ಹಾಗೇ ಹೇಳುತ್ತಿದ್ದರು.

ಹಾಲುಹಲ್ಲು ಬೀಳುತ್ತದೆ, ನಿಜ. ಯಾವಾಗ ಬೀಳುತ್ತದೆ ಅನ್ನುವುದು ಪ್ರಶ್ನೆ. ಮುಂದಿನ ಹಲ್ಲುಗಳು ಆರು, ಏಳು ವರ್ಷಕ್ಕೆ ಅಲ್ಲಾಡಿ ಬೀಳುತ್ತವೆ. ನಾವೆಲ್ಲ ಸಗಣಿಯಲ್ಲಿ ಸುತ್ತಿ ಮಾಳಿಗೆ ಮೇಲೆ ಎಸೆದದ್ದು ಅವನ್ನೇ. ಹಿಂದಿನ ಅಗಿಯುವ ಹಲ್ಲುಗಳು ಹಾಗಲ್ಲ. ಅವು ಹತ್ತರಿಂದ ಹನ್ನೆರಡು ವರ್ಷದ ತನಕ ಬಾಯಲ್ಲೇ ಇರುತ್ತವೆ. ಒಂದನೇ ಕ್ಲಾಸಿನ ಮಗುವಿನ ಆ ಹಲ್ಲಿಗೆ ಹುಳುಕು ಹಿಡಿದರೆ ಅದು ಐದಾರನೇ ಕ್ಲಾಸಿನವರೆಗೆ ಅದೇ ಹಲ್ಲಿನಲ್ಲಿ ಅಗಿಯಬೇಕು. ಐದು ವರ್ಷ. ನಮಗೆ ಐದು ದಿನ ಹಲ್ಲುನೋವು ಬಂದರೆ ಮನೆಯವರೆಲ್ಲರ ಮೇಲೆ ರೇಗುತ್ತೇವೆ, ಅಲ್ವಾ?

ಎರಡನೇ ಕ್ಲಾಸಿನಲ್ಲಿ ಒಂದು ಮಗು ಇದೆ. ಬಿಸಿಯೂಟದಲ್ಲಿ ಅನ್ನ ಕಲಸಿಕೊಂಡು ತಿನ್ನುತ್ತದೆ, ಸಾಂಬಾರಿನ ಕ್ಯಾರೆಟ್, ಬೀನ್ಸ್ ಎಲ್ಲವನ್ನೂ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತದೆ. ‘ತರಕಾರಿ ಸೇರಲ್ಲ ಇದಕ್ಕೆ’ ಅಂತ ನಾವು ಬೈದಿದ್ದೂ ಉಂಟು. ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ಪ್ರತಿ ತುತ್ತನ್ನೂ ನಾಲಿಗೆಯಿಂದ ಎಡಗಡೆಗೆ ತಳ್ಳಿಕೊಂಡು ನುಂಗುತ್ತಿತ್ತು. ಬಲಗಡೆ ಎರಡು ಹಲ್ಲು ಕಪ್ಪಾಗಿ ಹೊಂಡ ಬಿದ್ದಿದ್ದವು. ನೋವು ಅಂತ ಒಂದು ಸಲವೂ ಹೇಳಿರಲಿಲ್ಲ. ಯಾವಾಗಿನಿಂದಲೂ ಹಾಗೇ ಇದ್ದರೆ ಅದು ನೋವು ಅಂತ ಮಗುವಿಗೆ ಗೊತ್ತಾಗುವುದಾದರೂ ಹೇಗೆ?

ಇನ್ನೊಂದು ವಿಚಾರ. ಹಾಲುಹಲ್ಲು ಕೆಳಗಿನ ಹಲ್ಲಿಗೆ ಜಾಗ ಹಿಡಿದಿಟ್ಟಿರುತ್ತದೆ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ. ಹುಳುಕು ಹಿಡಿದು ಅದನ್ನು ಬೇಗ ಕೀಳಿಸಿದರೆ ಅಕ್ಕಪಕ್ಕದ ಹಲ್ಲುಗಳು ಸರಿದು ಆ ಜಾಗಕ್ಕೆ ಬರುತ್ತವೆ. ಆಮೇಲೆ ಬರುವ ಹಲ್ಲು ಎಲ್ಲಿ ಸಂದಿ ಸಿಗುತ್ತದೋ ಅಲ್ಲಿ ಸೊಟ್ಟಗೆ ಹುಟ್ಟುತ್ತದೆ. ಕೀಳಿಸದೆ ಬಿಟ್ಟರೆ ಬೇರಿಗೆ ಕೀವು ತುಂಬಿ, ಒಳಗೆ ಬೆಳೆಯುತ್ತಿರುವ ಹಲ್ಲಿಗೂ ಪೆಟ್ಟಾಗಬಹುದು. ಬೇಗ ತೋರಿಸಿದರೆ ಎಷ್ಟೋ ಸಲ ತುಂಬಿಸಿದರೆ ಸಾಕು.

ಹಾಲುಹಲ್ಲು ಅಂತ ನೀವು ಅಂದುಕೊಂಡದ್ದೆಲ್ಲ ಹಾಲುಹಲ್ಲೂ ಅಲ್ಲ. ಇದನ್ನು ದಯವಿಟ್ಟು ಗಮನ ಇಟ್ಟು ಓದಿ, ಯಾಕೆಂದರೆ ತಪಾಸಣೆಗೆ ಬಂದ ತಂಡದ ಡಾಕ್ಟರು ನನಗೆ ತೋರಿಸುವ ತನಕ ಇಷ್ಟು ವರ್ಷ ಮೇಷ್ಟ್ರಿಕೆ ಮಾಡಿದ ನನಗೂ ಗೊತ್ತಿರಲಿಲ್ಲ. ಸುಮಾರು ಆರು ವರ್ಷಕ್ಕೆ, ಇರುವ ಹಲ್ಲುಗಳ ಹಿಂದೆ, ಬಾಯಿಯ ಕೊನೆಯಲ್ಲಿ ಒಂದು ದೊಡ್ಡ ದವಡೆ ಹಲ್ಲು ಹುಟ್ಟುತ್ತದೆ. ಮೇಲೆ ಎರಡು, ಕೆಳಗೆ ಎರಡು. ಇವು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ. ಇದು ಸಾಯುವ ತನಕ ಇರಬೇಕಾದ ಹಲ್ಲು. ಮೇಲೆ ಆಳವಾದ ಗೆರೆಗಳು, ಅದರಲ್ಲಿ ತಿಂಡಿ ಕೂರುತ್ತದೆ, ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ. ಚೀಟಿಯಲ್ಲಿ ‘6’ ಅಂತ ಬರೆದು ಸುತ್ತು ಹಾಕಿದ್ದರೆ ಅದು ಈ ಹಲ್ಲು. ಇದು ಬಿದ್ದರೆ ಮತ್ತೆ ಬರುವುದಿಲ್ಲ. ‘ಬೀಳೋ ಹಲ್ಲು ಬಿಡಿ’ ಅಂತ ವಾಪಸ್ ಬಂದ ಆ ಚೀಟಿಯಲ್ಲೂ ಇದ್ದದ್ದು ಸುತ್ತು ಹಾಕಿದ ಆರೇ.

ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಒಬ್ಬ ತಂದೆ ಕೇಳಿದರು: ‘ನಮಗೆ ಚಾಕಲೇಟು ಕೊಡಬೇಡಿ ಅಂತೀರಿ, ನೀವೇ ಶಾಲೆಯಲ್ಲಿ ಸಕ್ಕರೆ ಹಾಕಿದ ಹಾಲು ಕೊಡ್ತೀರಲ್ಲ?’ ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳ್ಳೆಯ ಪ್ರಶ್ನೆ. ಹಾಲನ್ನು ಮಗು ಗಟಗಟ ಕುಡಿದು ಮುಗಿಸುತ್ತದೆ, ಹಾಲು ಬೆಳೆಯುವ ಮಗುವಿಗೆ ಬೇಕು. ಟಾಫಿ ಹಾಗಲ್ಲ. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಹಲ್ಲಿಗೆ ಅಂಟಿದ ಬ್ಯಾಕ್ಟೀರಿಯಾಗಳು ಹುಳಿ ಮಾಡುತ್ತವೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಜೊಲ್ಲು ಅದನ್ನು ಸರಿಮಾಡುವುದಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಇನ್ನೊಂದು ಟಾಫಿ, ಆಮೇಲೆ ಎರಡು ಬಿಸ್ಕತ್ತು, ಆಮೇಲೆ ಒಂದು ರೂಪಾಯಿಯ ಜೆಲ್ಲಿ. ದಿನವಿಡೀ ಹಲ್ಲಿಗೆ ಬಿಡುವೇ ಇಲ್ಲ. ಎಷ್ಟು ಸಿಹಿ ಅನ್ನುವುದಕ್ಕಿಂತ ಎಷ್ಟು ಸಲ, ಎಷ್ಟು ಹೊತ್ತು ಅನ್ನುವುದೇ ಲೆಕ್ಕ. ಹಬ್ಬಕ್ಕೆ ಊಟದ ಜೊತೆ ಎರಡು ಒಬ್ಬಟ್ಟು ತಿನ್ನಿಸಿ, ನಾನು ಬೇಡ ಅನ್ನುವುದಿಲ್ಲ. ಹಾಲಿನ ವಿಚಾರದಲ್ಲಿ ನಾವೂ ಒಂದು ಬದಲಾವಣೆ ಮಾಡಿದ್ದೇವೆ. ಕುಡಿದ ಮೇಲೆ ಎಲ್ಲರೂ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಲೇಬೇಕು. ಮೊದಲ ದಿನ ಅರ್ಧ ಗಂಟೆ ನೀರಾಟ ಆಯಿತು, ಈಗ ಪರವಾಗಿಲ್ಲ.

ಇನ್ನು ನಮ್ಮ ನೀರಿನ ಮಾತು. ‘ಪಾವಗಡದ ನೀರು ಕುಡಿದ ಮೇಲೆ ಹಲ್ಲು ಇನ್ನು ಹೇಗಿರುತ್ತೆ ಮೇಡಂ’ ಅನ್ನುತ್ತೀರಿ. ನಾನೂ ಈ ತಾಲ್ಲೂಕಿನವಳೇ. ನನ್ನ ಮುಂದಿನ ಹಲ್ಲುಗಳ ಕಂದು ಗೆರೆ ನೀವೆಲ್ಲ ನೋಡಿದ್ದೀರಿ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಬಾಯಿ ಬಿಟ್ಟು ನಕ್ಕ ಫೋಟೋ ಒಂದೂ ಇಲ್ಲ. ನಮ್ಮ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ತನಕ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಎಂಟು ವರ್ಷದೊಳಗಿನ ಮಗು ದಿನಾ ಕುಡಿದರೆ, ದವಡೆಯೊಳಗೆ ತಯಾರಾಗುತ್ತಿರುವ ಹಲ್ಲಿಗೇ ಕಲೆ ಬೀಳುತ್ತದೆ. ಅಂದರೆ ಹುಟ್ಟುವಾಗಲೇ ಕಲೆ. ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಇಟ್ಟಿಗೆ ಪುಡಿ, ಬೂದಿ, ಇದ್ದಿಲು ಹಾಕಿ ಮಕ್ಕಳ ಹಲ್ಲು ತಿಕ್ಕಬೇಡಿ, ಕಲೆ ಇದ್ದಲ್ಲೇ ಇರುತ್ತದೆ, ಹಲ್ಲು ಸವೆಯುತ್ತದೆ. ಶುದ್ಧ ನೀರಿನ ಘಟಕದಲ್ಲಿ ಹಿಡಿದ ಕ್ಯಾನಿನ ನೀರನ್ನು ಕುಡಿಯುವುದಕ್ಕೆ ಮಾತ್ರ ಅಲ್ಲ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅನ್ನ, ಸಾರಿಗೂ ಅದನ್ನೇ ಬಳಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಆದರೆ ಕಲೆ ಬೇರೆ, ಹುಳುಕು ಬೇರೆ. ಚೀಟಿ ಕೊಟ್ಟಿರುವುದು ಕಲೆಗಲ್ಲ, ಹೊಂಡಕ್ಕೆ. ತಪ್ಪನ್ನು ನೀರಿನ ಮೇಲೆ ಹಾಕಿ ಹೊಂಡವನ್ನು ಹಾಗೇ ಬಿಡಬೇಡಿ.

‘ನೀರಿನಲ್ಲೇ ಫ್ಲೋರೈಡ್ ಇರುವಾಗ ಫ್ಲೋರೈಡ್ ಪೇಸ್ಟ್ ಯಾಕೆ’ ಅಂತಲೂ ಒಬ್ಬರು ಗ್ರೂಪಿನಲ್ಲಿ ಕೇಳಿದ್ದರು. ಕಲೆ ಬೀಳುವುದು ಹೊಟ್ಟೆಗೆ ಹೋದ ಫ್ಲೋರೈಡಿನಿಂದ. ಪೇಸ್ಟ್ ಕೆಲಸ ಮಾಡುವುದು ಹಲ್ಲಿನ ಮೇಲೆ. ನುಂಗಬಾರದು, ಅಷ್ಟೇ. ಮೂರು ವರ್ಷದೊಳಗಿನ ಮಗುವಿಗೆ ಒಂದು ಅಕ್ಕಿ ಕಾಳಿನಷ್ಟು, ಆರು ವರ್ಷದ ತನಕ ಒಂದು ಬಟಾಣಿಯಷ್ಟು. ಟಿವಿ ಜಾಹೀರಾತಿನಲ್ಲಿ ಬ್ರಷ್ ತುಂಬಾ ಅಲೆ ಅಲೆಯಾಗಿ ಹಾಕುತ್ತಾರಲ್ಲ, ಅಷ್ಟು ಬೇಡವೇ ಬೇಡ. ನಮ್ಮ ನೀರಿನ ವಿಚಾರ ಹೇಳಿ, ತೀರಾ ಚಿಕ್ಕ ಮಕ್ಕಳಿಗೆ ಯಾವ ಪೇಸ್ಟ್ ಅಂತ ದಂತ ವೈದ್ಯರನ್ನೇ ಕೇಳಿ. ಏಳೆಂಟು ವರ್ಷದ ತನಕ ಮಕ್ಕಳ ಕೈ ಬಾಯಿಯ ಮೂಲೆಗೆ ಸರಿಯಾಗಿ ಹೋಗುವುದಿಲ್ಲ. ‘ಉಜ್ಜಿದೆ’ ಅಂತ ಅವು ಹೇಳುವುದು ಸುಳ್ಳಲ್ಲ, ಮುಂದಿನ ನಾಲ್ಕು ಹಲ್ಲನ್ನು ನಿಜವಾಗಿಯೂ ಉಜ್ಜಿರುತ್ತವೆ! ಬೆಳಿಗ್ಗೆ ಗಡಿಬಿಡಿ, ಒಪ್ಪುತ್ತೇನೆ. ರಾತ್ರಿ ಮಲಗುವ ಮುಂಚೆ ಎರಡು ನಿಮಿಷ ಪಕ್ಕದಲ್ಲಿ ನಿಲ್ಲಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಲ್ಲು ಹಾಳಾಗುವುದು ಆಗಲೇ ಜಾಸ್ತಿ. ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ತಮ್ಮ, ತಂಗಿ ಮನೆಯಲ್ಲಿದ್ದರೆ ಅವರಿಗೂ ಇದೇ ಮಾತು.

ಈ ಪತ್ರ ಓದುವ ಅಜ್ಜಿ ತಾತಂದಿರು, ನಮಗಲ್ಲ ಇದು ಅಂದುಕೊಳ್ಳಬೇಡಿ. ವಯಸ್ಸಾದ ಮಾತ್ರಕ್ಕೆ ಹಲ್ಲು ಅಲ್ಲಾಡಬೇಕೆಂದಿಲ್ಲ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ, ಗಟ್ಟಿಯಾಗಿ, ಒಸಡು ಸಡಿಲವಾಗಿ ಅಲ್ಲಾಡುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಒಸಡಿನ ತೊಂದರೆ ಜಾಸ್ತಿ. ಒಸಡು ಹಾಳಾದರೆ ಸಕ್ಕರೆಯೂ ಹತೋಟಿಗೆ ಬರುವುದು ಕಷ್ಟ. ಬಸುರಿಯರಿಗೆ ಒಸಡು ಊದಿ ರಕ್ತ ಬರುವುದುಂಟು. ರಕ್ತ ಬರುತ್ತದೆ ಅಂತ ಅಲ್ಲಿ ಉಜ್ಜುವುದನ್ನೇ ಬಿಡುತ್ತಾರೆ, ಅದು ಉಲ್ಟಾ. ಮೆತ್ತನೆ ಬ್ರಷ್‌ನಲ್ಲಿ ನಿಧಾನವಾಗಿ ಉಜ್ಜಿ, ವಾರ ಹತ್ತು ದಿನದಲ್ಲಿ ನಿಲ್ಲದಿದ್ದರೆ ತೋರಿಸಿ. ಹಲ್ಲೆಲ್ಲ ಹೋಗಿರುವ ಬಿಪಿಎಲ್ ಕಾರ್ಡಿನ ಹಿರಿಯರಿಗೆ ದಂತ ಭಾಗ್ಯ ಯೋಜನೆಯಲ್ಲಿ ಉಚಿತ ಹಲ್ಲಿನ ಸೆಟ್ಟು ಅಂತ ಇದೆ. ಮಗುವನ್ನು ಕರೆದುಕೊಂಡು ಹೋದಾಗ ಅದನ್ನೂ ವಿಚಾರಿಸಿ.

ಗುಟ್ಕಾ, ಕಡ್ಡಿಪುಡಿ ತರುವುದಕ್ಕೆ ಮಕ್ಕಳನ್ನು ಅಂಗಡಿಗೆ ಕಳಿಸಬೇಡಿ. ಏಳನೇ ಕ್ಲಾಸಿನ ಬೆಂಚಿನ ಕೆಳಗೆ ಖಾಲಿ ಪ್ಯಾಕೆಟ್ ಸಿಕ್ಕಿದೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವುದು 2003ರ ಕಾಯ್ದೆಯ ಪ್ರಕಾರ ಅಪರಾಧ. ಇದರ ಬಗ್ಗೆ ನಾನು ಮೆತ್ತಗೆ ಬರೆಯುವುದಿಲ್ಲ.

ಕಡಲೆಕಾಯಿ ಕೀಳುವ ಸಮಯ, ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಹೋಗುತ್ತದೆ ಅಂತ ನನಗೆ ಗೊತ್ತಿದೆ. ಖರ್ಚಿನ ಭಯವೂ ಗೊತ್ತಿದೆ. ಅದಕ್ಕೇ ಚೀಟಿಯಲ್ಲಿ ತಾಲ್ಲೂಕು ಆಸ್ಪತ್ರೆಯ ಹೆಸರು ಹಾಕಿಸಿದ್ದು. ಈ ತಪಾಸಣೆಯಲ್ಲಿ ಸಿಕ್ಕ ತೊಂದರೆಗೆ 18 ವರ್ಷದವರೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳಿಗೆ ಚಿಕಿತ್ಸೆ ಉಚಿತ. ಚೀಟಿ ಮಾತ್ರ ಜೊತೆಯಲ್ಲಿರಲಿ. ಒಬ್ಬರೇ ನಾಲ್ಕು ಮನೆಯ ಮಕ್ಕಳನ್ನು ಕರೆದುಕೊಂಡು ಹೋದರೂ ಸರಿ. ಹೋದ ದಿನದ ಗೈರುಹಾಜರಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಯಾರೂ ಇಲ್ಲ ಅನ್ನುವವರು ನನಗೆ ಹೇಳಿ, ಒಂದು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾನೇ ಹೊರಡುತ್ತೇನೆ.

ನಿಮ್ಮಿಂದ ಬೇಕಾಗಿರುವುದು: ಚೀಟಿಯ ಹಿಂದೆ ಆಸ್ಪತ್ರೆಗೆ ಹೋಗುವ ತಾರೀಕು ಬರೆದು, ಸಹಿ ಹಾಕಿ ಸೋಮವಾರದೊಳಗೆ ಕಳಿಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ

ಮರೆತಿದ್ದೆ. ಮೂರನೇ ಕ್ಲಾಸಿನಲ್ಲಿ ಯಾರದೋ ಮುಂದಿನ ಹಲ್ಲೊಂದು ಬಿದ್ದು ಸಿಕ್ಕಿದೆ. ನನ್ನ ಮೇಜಿನ ಮೇಲೆ ಚಾಕ್‌ಪೀಸ್ ಡಬ್ಬಿಯಲ್ಲಿಟ್ಟಿದ್ದೇನೆ. ಯಾರದು ಅಂತ ಮನೆಯಲ್ಲಿ ಬಾಯಿ ತೆರೆಸಿ ನೋಡಿ, ನಾಳೆ ಬಂದು ತೆಗೆದುಕೊಂಡು ಹೋಗಲಿ. ಮಾಳಿಗೆ ಮೇಲೆ ಎಸೆಯಬೇಕಲ್ವಾ.