ಪಂಪು ಹೆಗಲಿಗೇರಿಸುವ ಮುನ್ನ

ಮೈಸೂರು

ಚಿರಂಜೀವಿ ಮಂಜುನಾಥನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಸೌಮ್ಯಾಳಿಗೆ ಐದು ತಿಂಗಳಾಯಿತೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು, ಬಹಳ ಸಂತೋಷವಾಯಿತು. ಅದೇ ಮಾತಿನ ನಡುವೆ, ಟೊಮೆಟೊಗೆ ಔಷಧಿ ಹೊಡೆಯುವ ದಿನ ಡ್ರಮ್ಮಿನಲ್ಲಿ ಕಲಸಿಕೊಡುವವಳು ಅವಳೇ ಎಂಬುದೂ ತಿಳಿಯಿತು. ಮುಖಕ್ಕೆ ಬಟ್ಟೆ ಕಟ್ಟಿಕೋ ಎಂದರೆ "ಇಷ್ಟು ವರ್ಷದಿಂದ ಹೊಡೆಯುತ್ತಿದ್ದೇನೆ, ನನಗೇನೂ ಆಗಿಲ್ಲ" ಎನ್ನುತ್ತೀಯಂತೆ. ಫೋನಿನಲ್ಲಿ ಹೇಳಿದರೆ ಹೂಂ ಎಂದು ಇಟ್ಟುಬಿಡುತ್ತೀಯೆ. ಕಾಗದವಾದರೆ ಸೌಮ್ಯಾಳೂ ಓದುತ್ತಾಳೆಂದು ಬರೆಯುತ್ತಿದ್ದೇನೆ.

ತಲೆ ಸುತ್ತಲಿಲ್ಲ, ವಾಂತಿಯಾಗಲಿಲ್ಲ, ಮೈ ಉರಿಯಲಿಲ್ಲ. ಅದರಿಂದ ತಾನೇ ಏನೂ ಆಗಿಲ್ಲವೆಂದು ಲೆಕ್ಕ ಹಾಕುವುದು? ನೀನು ಹೊಡೆಯುವ ಔಷಧಿಗಳಲ್ಲಿ ಹೆಚ್ಚಿನವು ಆಸಿಡ್ಡಿನಂತೆ ಮುಟ್ಟಿದ್ದನ್ನು ಸುಡುವುದಿಲ್ಲ. ಒಂದು ಜೀವಕೋಶ ಇನ್ನೊಂದಕ್ಕೆ ಕಳಿಸುವ ಸಂದೇಶವನ್ನು ಕೆಡಿಸುತ್ತವೆ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಯೇ ಕೂದಲು ನರೆತವಳು ನಾನು. ಸ್ವಲ್ಪ ಪಾಠದಂತೆ ಕಂಡರೂ ಪೂರ್ತಿ ಓದು.

ನರದ ತುದಿಗೂ ಸ್ನಾಯುವಿಗೂ ನಡುವೆ ಕಣ್ಣಿಗೆ ಕಾಣದಷ್ಟು ಕಿರಿದಾದ ಸಂದು ಇದೆ. ನರವು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಅಲ್ಲಿಗೆ ಬಿಡುತ್ತದೆ, ಅದು ತಾಗಿದೊಡನೆ ಸ್ನಾಯು ಬಿಗಿಯುತ್ತದೆ. ನರದ ಮಾತು ಹೀಗೆ ರಾಸಾಯನಿಕದ ರೂಪದಲ್ಲಿ ದಾಟುತ್ತದೆಂಬುದನ್ನು 1921ರಲ್ಲಿ ವಿಜ್ಞಾನಿ ಆಟೊ ಲೋವಿ ಕಪ್ಪೆಯ ಹೃದಯಗಳಿಂದ ತೋರಿಸಿಕೊಟ್ಟರು. ಒಂದು ಹೃದಯದ ನರವನ್ನು ಕೆರಳಿಸಿ ಬಡಿತವನ್ನು ನಿಧಾನಗೊಳಿಸಿ, ಅದರ ಸುತ್ತಲಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ಸಂದೇಶ ಮುಟ್ಟಿದ ಮೇಲೆ ನಿಲ್ಲಲೂ ಬೇಕು. ಅದಕ್ಕೆಂದೇ ಅಲ್ಲೊಂದು ಕಿಣ್ವವಿದೆ. ಗದ್ದೆಗೆ ಸಾಕಾದೊಡನೆ ತೂಬು ಮುಚ್ಚುವ ನೀರಗಂಟಿಯ ಕೆಲಸ ಅದರದ್ದು. ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಮುಂತಾದ, ಆರ್ಗನೊಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕಗಳು ಈ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ನಿಲ್ಲಬೇಕಾದ ಸಂದೇಶ ನಿಲ್ಲುವುದೇ ಇಲ್ಲ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಬೆವರು, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ಅದುರುವ ಸ್ನಾಯುಗಳು, ಕೊನೆಗೆ ಉಸಿರು ಕಟ್ಟುವುದು. 2018ರ ಡಿಸೆಂಬರ್‌ನಲ್ಲಿ ಸುಳ್ವಾಡಿಯ ಮಾರಮ್ಮನ ಪ್ರಸಾದ ತಿಂದವರನ್ನು ಆಂಬುಲೆನ್ಸ್‌ಗಳಲ್ಲಿ ಮೈಸೂರಿಗೆ ತಂದದ್ದು ನಿನಗೆ ನೆನಪಿರಬೇಕು. 15ಕ್ಕೂ ಹೆಚ್ಚು ಜನ ಸತ್ತರು. ಪ್ರಸಾದದಲ್ಲಿ ಬೆರೆಸಿದ್ದು ಮೊನೊಕ್ರೊಟೊಫಾಸ್.

ನೀನು ಅದನ್ನು ಕುಡಿಯುತ್ತಿಲ್ಲ, ನಿಜ. ಆದರೆ ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋಗುವುದು ಸಿಂಪಡಣೆಯಿಂದ ಸಿಂಪಡಣೆಗೆ ಆ ಕಿಣ್ವವನ್ನು ಸ್ವಲ್ಪ ಸ್ವಲ್ಪವೇ ಕುಗ್ಗಿಸುತ್ತಾ ಹೋಗುತ್ತದೆ. ಅದರ ದೊಡ್ಡ ಪಾಲು ಹೋಗುವವರೆಗೆ ನಿನಗೆ ಏನೂ ತಿಳಿಯದಿರಬಹುದು, ಹೋದದ್ದು ತುಂಬಿಕೊಳ್ಳಲು ವಾರಗಳೇ ಬೇಕು. ಇದನ್ನು ನೋಡಲು ಕೋಲಿನ್‌ಎಸ್ಟರೇಸ್ ಎಂಬ ರಕ್ತಪರೀಕ್ಷೆಯಿದೆ. ಈ ಬೆಳೆಗೆ ಔಷಧಿ ಶುರು ಮಾಡುವ ಮುಂಚೆ ಒಮ್ಮೆ, ನಡುವೆ ಒಮ್ಮೆ ಮಾಡಿಸು. ಖರ್ಚು ನನ್ನದು.

ಇನ್ನು ನಿನ್ನ ಸೋದರಮಾವನ ಮನೆಯ ರೇಷ್ಮೆಹುಳುವಿನ ವಿಷಯ. ಹೋದ ಬೇಸಿಗೆಯಲ್ಲಿ ನಾನು ಅಲ್ಲೇ ಇದ್ದೆ. ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಸೊಪ್ಪನ್ನು ಕರಕರನೆ ಮೇಯ್ದ ಹುಳುಗಳು ಹಣ್ಣಾಗಿ ಗೂಡಿಗೆ ಸಿದ್ಧವಾಗುವ ದಿನ ಬಂದರೂ ಹಣ್ಣಾಗಲಿಲ್ಲ. ಮೈ ಹೊಳಪಿಗೆ ತಿರುಗಲಿಲ್ಲ, ಬೆಳ್ಳಗೆ ದಪ್ಪಗೆ ಹಾಗೇ ಉಳಿದವು. ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಟ್ಟರೆ ಸುಮ್ಮನೆ ಹರಿದಾಡಿದವು, ಒಂದೆಳೆ ನೂಲೂ ಬಿಡಲಿಲ್ಲ. ಪಕ್ಕದ ಬದನೆ ತೋಟದಲ್ಲಿ ಬಿಳಿನೊಣಕ್ಕೆಂದು ಪೈರಿಪ್ರಾಕ್ಸಿಫೆನ್ ಹೊಡೆದಿದ್ದರು, ಅದು ಗಾಳಿಯಲ್ಲಿ ಹಿಪ್ಪುನೇರಳೆಯ ಮೇಲೆ ಕುಳಿತಿತ್ತು. ಹುಳುವಿನ ಮೈಯಲ್ಲಿ ಎಳೆತನದ ಹಾರ್ಮೋನ್ ಒಂದಿರುತ್ತದೆ. ಅದು ಇಳಿದ ಮೇಲೆಯೇ ಗೂಡು ಕಟ್ಟುವ ಕಾಲ ಬರುವುದು. ಈ ಔಷಧಿ ಆ ಹಾರ್ಮೋನಿನ ವೇಷ ಹಾಕಿಕೊಂಡು, ಇನ್ನೂ ಕಾಲ ಬಂದಿಲ್ಲವೆಂದು ಕೋಶಗಳನ್ನು ನಂಬಿಸುತ್ತದೆ. ಹುಳು ಸಾಯಲಿಲ್ಲ ಮಂಜು, ಮೇವನ್ನೂ ಬಿಡಲಿಲ್ಲ. ನೋಡಿದವರು ಯಾರೇ ಆದರೂ "ಏನೂ ಆಗಿಲ್ಲ" ಎಂದೇ ಹೇಳುತ್ತಿದ್ದರು.

ಸೌಮ್ಯಾಳ ಹೊಟ್ಟೆಯಲ್ಲಿರುವ ಮಗುವಿನ ಮೆದುಳು ಕಟ್ಟಿಕೊಳ್ಳುವುದೂ ಇಂಥ ಸಂದೇಶಗಳಿಂದಲೇ. ಯಾವ ಕೋಶ ಎತ್ತ ಸರಿಯಬೇಕು, ಯಾವುದರ ಜೊತೆ ಬೆಸೆಯಬೇಕು ಎಂಬುದೆಲ್ಲ ದಿನದಿನಕ್ಕೆ ತೀರ್ಮಾನವಾಗುತ್ತಿರುತ್ತದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಹೊಕ್ಕುಳಬಳ್ಳಿಯ ರಕ್ತದಲ್ಲಿ ಕ್ಲೋರ್‌ಪೈರಿಫಾಸ್ ಎಷ್ಟಿದೆಯೆಂದು ಅಳೆದು, ಆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಹೆಚ್ಚಿದ್ದ ಮಕ್ಕಳ ಬುದ್ಧಿ ಮತ್ತು ನೆನಪಿನ ಅಂಕಗಳು ಏಳನೇ ವಯಸ್ಸಿನಲ್ಲಿ ಕಡಿಮೆಯಿದ್ದವು. ಆ ತಾಯಂದಿರು ಹೊಲಕ್ಕೆ ಇಳಿದವರಲ್ಲ, ನಗರದ ಮನೆಗಳಲ್ಲಿ ಜಿರಳೆಗೆ ಹೊಡೆದ ಔಷಧಿಯ ನಡುವೆ ಬದುಕಿದವರು. ಅಮೆರಿಕದಲ್ಲಿ ಮನೆಬಳಕೆಗೆ ಅದನ್ನು 2001ರಲ್ಲೇ ಬಹುಮಟ್ಟಿಗೆ ನಿಲ್ಲಿಸಿದರು. 2025ರಲ್ಲಿ ಅದು, ಬೇಗ ಕರಗದೆ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಅಂತರರಾಷ್ಟ್ರೀಯ ಒಪ್ಪಂದದ ನಿರ್ಮೂಲನ ಪಟ್ಟಿಗೂ ಸೇರಿತು, ಕೆಲವು ವಿನಾಯಿತಿಗಳ ಜೊತೆಗೆ.

ಅಂಗಡಿಯವನು ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ತೋರಿಸಿ "ಹಸಿರು ಇದೆ, ಭಯವಿಲ್ಲ" ಎನ್ನಬಹುದು. ಕೆಂಪು, ಹಳದಿ, ನೀಲಿ, ಹಸಿರು ಎಂಬ ಆ ವಿಂಗಡಣೆ ಎಷ್ಟು ಪ್ರಮಾಣಕ್ಕೆ ಪ್ರಾಣ ಹೋಗುತ್ತದೆ ಎಂಬುದನ್ನು ಮಾತ್ರ ಆಧರಿಸಿದೆ. ಹಾರ್ಮೋನಿನ ವೇಷ ಹಾಕುವ ಗುಣ ಆ ಬಣ್ಣದಲ್ಲಿ ಕಾಣುವುದಿಲ್ಲ.

ಆದ್ದರಿಂದ ಇಂದಿನಿಂದ ಸೌಮ್ಯಾ ಡ್ರಮ್ಮಿನ ಹತ್ತಿರ ಸುಳಿಯಬಾರದು. ನಿನ್ನ ಸಿಂಪಡಣೆಯ ಬಟ್ಟೆಯನ್ನು ಅವಳು ಒಗೆಯಕೂಡದು; ನೀನೇ ಬೇರೆ ಬಕೆಟ್ಟಿನಲ್ಲಿ ಒಗೆದು, ಸೋಪು ಹಚ್ಚಿ ಸ್ನಾನ ಮಾಡಿ ಒಳಗೆ ಹೋಗು. ಗಾಳಿಯಿರುವಾಗ ಹೊಡೆಯಬೇಡ, ಬದುವಿನಾಚೆ ಹಿಪ್ಪುನೇರಳೆ ಇದೆ. ಯಾರಿಗಾದರೂ ಜೊಲ್ಲು ಸುರಿದು ಮೈ ಅದುರಿದರೆ ಮನೆಮದ್ದಿಗೆ ಕಾಯದೆ, ಬಟ್ಟೆ ಬದಲಿಸಿ ಮೈ ತೊಳೆದು 108ಕ್ಕೆ ಫೋನ್ ಮಾಡು, ಡಬ್ಬಿಯನ್ನೂ ಜೊತೆಗೇ ಒಯ್ಯಿ. ಈ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿಮದ್ದು ಅಟ್ರೊಪಿನ್ ಬೇಗ ಬಿದ್ದಷ್ಟೂ ಜೀವ ಉಳಿಯುವ ಸಾಧ್ಯತೆ ಹೆಚ್ಚು.

ನಿನ್ನ ಬಳಿ ಈಗಿರುವ ಡಬ್ಬಿಗಳ ಲೇಬಲ್‌ಗಳ ಫೋಟೊ ತೆಗೆದು ಇವತ್ತೇ ನನ್ನ ಮೊಬೈಲಿಗೆ ಕಳಿಸು. ಯಾವುದನ್ನು ಬಿಡಬಹುದು, ಬದಲಿಗೆ ಏನು ಮಾಡಬಹುದು ಎಂದು ಮಂಡ್ಯದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಬ್ಬರೂ ಹೋಗಿ ಕೇಳೋಣ. ನೈಟ್ರೈಲ್ ಕೈಗವಸು ಮತ್ತು ಮಾಸ್ಕ್ ಕೊಂಡಿಟ್ಟಿದ್ದೇನೆ, ಭಾನುವಾರ ಬರುವಾಗ ತರುತ್ತೇನೆ. ಅಲ್ಲಿಯವರೆಗೆ ಪಂಪು ಮುಟ್ಟಬೇಡ.

ಇತಿ,
ನಿನ್ನ ದೊಡ್ಡಮ್ಮ