ಕೊರೆಯುವ ಮುನ್ನವೇ ತಪಾಸಣೆಯಾಗಲಿ

ರಾಷ್ಟ್ರೀಯ ಉದ್ಯಾನಗಳ ಅಂಚಿನಲ್ಲಿ ಬಾವಿ ಕೊರೆಯುವ ತೈಲ ಕಂಪನಿಗಳ ಪರಿಸರ ಪಾಲನೆಯನ್ನು ಅವಘಡದ ನಂತರವಷ್ಟೇ ಪರಿಶೀಲಿಸುವ ಪರಿಪಾಟ ಕೊನೆಗೊಳ್ಳಬೇಕು. ಅಸ್ಸಾಂನ ದಿಬ್ರು–ಸೈಖೋವಾ ಉದ್ಯಾನದ ಸಮೀಪದ ಬಾಗ್‌ಜಾನ್‌ನಲ್ಲಿ ಆಯಿಲ್ ಇಂಡಿಯಾದ 5ನೇ ಬಾವಿಯಿಂದ 2020ರ ಮೇ 27ರಂದು ಅನಿಲ ಚಿಮ್ಮತೊಡಗಿತು. ಜೂನ್ 9ರಂದು ಹೊತ್ತಿಕೊಂಡ ಬೆಂಕಿಗೆ ಅಗ್ನಿಶಾಮಕ ದಳದ ಇಬ್ಬರು ಬಲಿಯಾದರು. ಅದು ಪೂರ್ತಿ ಆರಿದ್ದು ನವೆಂಬರ್‌ನಲ್ಲಿ. ಬಾವಿಯಿಂದ ಹೊಮ್ಮಿದ ತೈಲಾಂಶ ಮಾಗುರಿ–ಮೊಟಾಪುಂಗ್ ಜೌಗು ಪ್ರದೇಶದ ಮೀನುಗಳನ್ನು ಕೊಂದಿತು.

ಆದ ತಪ್ಪು ಅತಿ ಮೂಲಭೂತವಾದುದು. ದುರಸ್ತಿ ವೇಳೆ ಬಾವಿಯೊಳಗೆ ಸಿಮೆಂಟ್ ತಡೆ ಹಾಕಿದ ಮೇಲೆ ಅದು ಗಟ್ಟಿಯಾಗುವವರೆಗೆ ಕಾಯಬೇಕು, ಒತ್ತಡ ಕೊಟ್ಟು ಪರೀಕ್ಷಿಸಬೇಕು. ಆಮೇಲಷ್ಟೇ ಬಾವಿಯ ಬಾಯಿಯ ಮೇಲಿನ ಬ್ಲೋಔಟ್ ಪ್ರಿವೆಂಟರ್ (ಅನಿಲ, ತೈಲ ಚಿಮ್ಮದಂತೆ ತಡೆಯುವ ಕವಾಟ ವ್ಯವಸ್ಥೆ) ತೆಗೆಯಬೇಕು. ಪರೀಕ್ಷಿಸಿ ಖಚಿತಪಡಿಸಿಕೊಂಡ ಎರಡನೇ ತಡೆಯಿಲ್ಲದೆಯೇ ಇಲ್ಲಿ ಪ್ರಿವೆಂಟರ್ ತೆಗೆಯಲಾಗಿತ್ತು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಸಮಿತಿ ಹೇಳಿತು. ಜಲ ಮತ್ತು ವಾಯು ಮಾಲಿನ್ಯ ಕಾಯ್ದೆಗಳಡಿ ಪಡೆಯಬೇಕಾದ ಸಮ್ಮತಿಗಳಲ್ಲೂ ಲೋಪವಿತ್ತು ಎಂಬುದು ಇನ್ನೂ ಗಂಭೀರ. ಕಾಗದಪತ್ರ ನೋಡಿದ್ದರೂ ಸಾಕಿತ್ತು, ಅದು ಮೊದಲೇ ಬಯಲಾಗುತ್ತಿತ್ತು.

ಪರಿಸರ ಅನುಮತಿ ಪಡೆದವರು ಆರು ತಿಂಗಳಿಗೊಮ್ಮೆ ಪಾಲನಾ ವರದಿ ಕೊಡಬೇಕೆಂಬ ನಿಯಮವೇನೋ ಇದೆ. ಆದರೆ ಅದನ್ನು ಬರೆಯುವುದು ಕಂಪನಿಯೇ. ಆದ್ದರಿಂದ ಉದ್ಯಾನಗಳ ಸಮೀಪದ ಪ್ರತಿ ಬಾವಿಯ ಸಮ್ಮತಿ ಪತ್ರ, ಅದರ ಅವಧಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಜಾಲತಾಣದಲ್ಲಿ ಪ್ರಕಟಿಸಲಿ. ಸ್ವತಂತ್ರ ತಜ್ಞರು ಒತ್ತಡ ಪರೀಕ್ಷೆಗೆ ಸಹಿ ಹಾಕದೆ ಪ್ರಿವೆಂಟರ್ ತೆಗೆಯುವಂತಿಲ್ಲ ಎಂಬ ಷರತ್ತನ್ನು ಕೇಂದ್ರ ಪರಿಸರ ಸಚಿವಾಲಯ ಅನುಮತಿ ಪತ್ರದಲ್ಲೇ ಸೇರಿಸಲಿ.