ಅಳಿಯನಿಗೆ, ಉಂಗುರದ ವಿಷಯಕ್ಕ

ಗದಗ

ಪ್ರೀತಿಯ ಅಳಿಯನಿಗೆ ಸೋದರಮಾವನ ಆಶೀರ್ವಾದ.

ನಿಶ್ಚಯಕ್ಕ ವಜ್ರದ ಉಂಗುರ ಬೇಕಂತ ಹುಬ್ಬಳ್ಳ್ಯಾಗ ಸಾಲಕ್ಕ ಅರ್ಜಿ ಹಾಕೀಯಂತ, ನಿಮ್ಮವ್ವ ಹೇಳಿದಳು. ಸಾಲದ ಮಾತು ಆಮ್ಯಾಲೆ ಆಡೋಣು. ‘ಎರಡು ತಿಂಗಳ ಪಗಾರ ಅದಕ್ಕ ಇಡೋದು ಪದ್ಧತಿ’ ಅಂದೆಯಂತಲ್ಲ, ಯಾರ ಮನಿ ಪದ್ಧತಿ ಅದು?

ಡಿ ಬಿಯರ್ಸ್ ಅನ್ನೋ ವಜ್ರದ ಕಂಪನಿಗೆ ಅಮೆರಿಕದಾಗ ಮಾರಾಟ ಕುಸಿದಿತ್ತು. 1938ರಾಗ ಎನ್. ಡಬ್ಲ್ಯೂ. ಅಯರ್ ಅನ್ನೋ ಜಾಹೀರಾತು ಸಂಸ್ಥೆಗೆ ಕೆಲಸ ಒಪ್ಪಿಸಿತು. ಅವರು ಬರೇ ಉಂಗುರದ ಚಿತ್ರ ಹಾಕಿ ಸುಮ್ಮನಾಗಲಿಲ್ಲ. ಸಿನಿಮಾ ತಾರೆಯರ ವಜ್ರದ ಸುದ್ದಿ ಪತ್ರಿಕೆಗಳಿಗೆ ಮುಟ್ಟಿಸಿದರು, ಹೈಸ್ಕೂಲುಗಳಾಗ ಭಾಷಣ ಮಾಡಿಸಿದರು. ಕೊಳ್ಳಾವ ಒಬ್ಬ, ‘ಕಲ್ಲು ಎಷ್ಟು ದೊಡ್ಡದು?’ ಅಂತ ಕೇಳೋ ಮಂದಿ ನೂರು. ಆ ಕೇಳೋ ಮಂದಿನ್ನ ತಯಾರು ಮಾಡೋದ ಅವರ ಕಸುಬು. ನಿನ್ನ ಪಗಾರದ ಲೆಕ್ಕಾನೂ 1980ರ ದಶಕದ ಅದೇ ಕಂಪನಿ ಜಾಹೀರಾತಿಂದು. ಜಪಾನಿನವರಿಗೆ ಮೂರು ತಿಂಗಳದ್ದು ಅಂದರು, ಪುಣ್ಯಕ್ಕ ನೀ ಅಲ್ಲಿ ಹುಟ್ಟಲಿಲ್ಲ!

ಜಪಾನಿನ ಕಥಿ ಕೇಳು. 1967ರಾಗ ಪ್ರಚಾರ ಸುರು ಆದಾಗ, ನಿಶ್ಚಯ ಆದ ಹುಡುಗಿಯರೊಳಗ ನೂರಕ್ಕ 5 ಮಂದಿ ಕೈಯಾಗೂ ವಜ್ರ ಇರಲಿಲ್ಲ. 1981ರ ಹೊತ್ತಿಗೆ ಸುಮಾರು 60 ಮಂದಿಗೆ ಬಂತು. ಜಾಹೀರಾತಿನಾಗ ಯುರೋಪಿನ ಅರಿವಿ ತೊಟ್ಟು ಸೈಕಲ್ ಹೊಡಿಯೋ, ಗುಡ್ಡ ಹತ್ತೋ ಹೆಣ್ಣುಮಕ್ಕಳು. ಉಂಗುರ ಇದ್ದರ ಹೊಸ ಕಾಲದವರು, ಇಲ್ಲಾಂದ್ರ ಹಳೇ ಮಂದಿ. ಹಂಗಂತ ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ನೋಡಿದವರ ತಮ್ಮಷ್ಟಕ್ಕ ತಾವು ಅಂದುಕೊಂಡರು. ನಿನಗೂ ಆಫೀಸಿನ ಗೆಳೆಯರ ಸಾಲಿನಾಗ ನಿಲ್ಲೋ ಆಸೆ ಇದ್ದೀತು, ಅದೇನು ತಪ್ಪಲ್ಲ. ಆದರ ಆ ಸಾಲಿಗೆ ಟಿಕೀಟು ಹರಿಯವರು ಯಾರು ಅಂತ ಗೊತ್ತಿರಲಿ.

ನಮ್ಮ ಬಂಗಾರದ ಬೋರಮಾಳ ಸರಾನೂ ಮಂದಿಗೆ ತೋರಸಾಕನ, ಸುಳ್ಳ್ಯಾಕ ಹೇಳಲಿ. ಆದರ ಮಳಿ ಕೈಕೊಟ್ಟ ವರ್ಷ ಸರಾಫ ಬಜಾರದಾಗ ಅದನ್ನ ಒತ್ತಿ ಇಟ್ಟರ ಬಿತ್ತಾಕ ಬೀಜ ಬರತಿತ್ತು. ವಜ್ರದ ಉಂಗುರ ಒಯ್ದು ಸಾಲ ಕೇಳಿ ನೋಡು, ಕಲ್ಲಿನ ತೂಕ ಕಳೆದು ಬಂಗಾರಕ್ಕಷ್ಟ ರೊಕ್ಕ ಎಣಿಸತಾರ.

ಹುಡುಗಿನ್ನ ಒಂದು ಮಾತು ಕೇಳೀಯೇನು? ಅಕಿಗೆ ಮನಸ್ಸಿದ್ದರ ಸಣ್ಣದೊಂದು ಕೊಡಸು, ನಾನೂ ಒಂದಿಷ್ಟು ಹಾಕತೀನಿ. ಬ್ಯಾಡ ಅಂದಳೋ, ಆ ಅರ್ಜಿ ವಾಪಸ್ ತಗೋ. ಬೀಗರು ಬರೂದರೊಳಗ ಫೋನ್ ಮಾಡು. ನಿಮ್ಮ ಅತ್ತಿ ಸೀರಿ ಆರಿಸಾಕ ಬೆಟಗೇರಿಗೆ ಹೋಗೂಣು ಅಂತ ಕುಂತಾಳ.

ನಿನ್ನ ಸೋದರಮಾವ